ತೋಳೆರಡೂ ಸೊಂಟಕ್ಕೆ ಗಂಟು

ನಮ್ಮತ್ತೆಯ ಕೈ ಸುಮ್ಮನಿರುವುದಿಲ್ಲ. ಬಸ್ಸುಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ನಾನು ಹಾಕುತ್ತಿದ್ದ ಹಳೆಯ ನೀಲಿ ಜಂಪ್‌ಸೂಟು, ಕುತ್ತಿಗೆಯಿಂದ ಪಾದದವರೆಗೆ ಒಂದೇ ತುಂಡು, ಮೊಣಕಾಲಲ್ಲಿ ಹರಿದಿತ್ತು. ನೆಲ ಒರೆಸೋಕೆ ಇಟ್ಕೊಳ್ಳಿ ಅಂತ ಕೊಟ್ಟರೆ, ಕತ್ತರಿಸಿ ನನ್ನ ಮಗಳಿಗೆ ಅಂಥದ್ದೇ ಒಂದು ಹೊಲಿದುಬಿಟ್ಟರು. ಮುಂದೆ ಜಿಪ್ಪು, ಎದೆಗೊಂದು ಜೇಬು.

ಮುಗಿಯಿತು ನನ್ನ ಕಥೆ. ಮನೆಯಲ್ಲಿ ಎಲ್ಲರೂ ಪಟಾಕಿ ಅಂತ ಕರೆಯುವ ಆ ಪುಟಾಣಿ ಬೇರೆ ಬಟ್ಟೆ ಮುಟ್ಟಲೊಲ್ಲಳು. "ನಾನೂ ಕೆಲ್ಸಕ್ಕೆ ಹೋಗ್ತೀನಿ" ಅಂತ ಅದನ್ನೇ ತೊಟ್ಟು ಶಿಶುವಿಹಾರಕ್ಕೆ ಹೊರಡುವುದು, ಸಂಜೆ ಒದ್ದೆ ಮಾಡಿಕೊಂಡು ಬರುವುದು. ನಾನು ಒಗೆಯುವುದು, ಫ್ಯಾನಿನ ಕೆಳಗೆ ಹರವುವುದು. ಬೆಳಿಗ್ಗೆ ಅರೆಹಸಿ ಬಟ್ಟೆಗೇ ಮತ್ತೆ ರಂಪ.

ಮೊನ್ನೆ ಶಿಶುವಿಹಾರದ ಮಿಸ್ಸು ಬಾಗಿಲಲ್ಲೇ ಹಿಡಿದರು.

"ಹೀಗಾದ್ರೆ ಇಟ್ಕೊಳ್ಳೋಕಾಗಲ್ಲ ಕಣ್ರೀ. ಈ ವಾರದಲ್ಲಿ ಸರಿಹೋಗದಿದ್ರೆ ಮನೇಲೇ ಇರ್ಲಿ."

ಮನೇಲಿ! ಮಂಡಿನೋವಿನ ಅತ್ತೆ ಪಟಾಕಿಯ ಹಿಂದೆ ಓಡುತ್ತಾರಾ? ನಾನು ಕೆಲಸ ಬಿಡಬೇಕು, ಅಷ್ಟೆ.

"ಜಿಪ್ಪು ಎಳೆಯೋಕೆ ಬರಲ್ವಾ ಮಿಸ್?"

"ಚೆನ್ನಾಗೇ ಬರುತ್ತೆ. ಟಾಯ್ಲೆಟ್ಟಿಗೆ ಕರೆದ್ರೆ ಬರಲ್ಲ. ನೀರೂ ಕುಡಿಯಲ್ಲ. ಕೆಲ್ಸದ ಬಟ್ಟೆ ಹಾಕಿದ್ರೆ ಮನೆಗೆ ಹೋಗೋ ತನಕ ತಡ್ಕೋಬೇಕಂತೆ. ಯಾರು ಹೇಳ್ಕೊಟ್ರೋ ಮಾರಾಯ್ತಿಗೆ!"

ಯಾರೂ ಹೇಳಿಕೊಟ್ಟಿಲ್ಲ, ನೋಡಿ ಕಲಿತಿದ್ದಾಳೆ. ಶೆಡ್ಡಿನಲ್ಲಿ ಒಂದಕ್ಕೆ ಹೋಗಬೇಕೆಂದರೆ ಭುಜದಿಂದ ಎಲ್ಲಾ ಕಳಚಬೇಕು, ಬಟ್ಟೆಯ ತೋಳುಗಳು ಟಾಯ್ಲೆಟ್ಟಿನ ಒದ್ದೆ ನೆಲಕ್ಕೆ ಬೀಳುತ್ತವೆ. ವಾಪಸು ಬಂದರೆ ಮೇಸ್ತ್ರಿ, "ಏನಮ್ಮಾ, ಸ್ನಾನಾನೂ ಆಯ್ತಾ?" ಅನ್ನುತ್ತಾನೆ. ಅದಕ್ಕೇ ನಾನು ನೀರು ಕುಡಿಯುವುದಿಲ್ಲ. ಸಂಜೆ ಬ್ಯಾಗು ಎಸೆದು "ಜರುಗಿ, ಜರುಗಿ!" ಅಂತ ಬಚ್ಚಲಿಗೆ ಓಡುತ್ತೇನೆ. ಪಟಾಕಿ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾಳೆ.

"ಸುಲಭವಾಗಿ ಬಿಚ್ಚೋಕೆ ಒಂದು ದಾರಿ ಇಡಬಾರ್ದಿತ್ತಾ ಅತ್ತೆ?" ಎಂದು ಮನೆಗೆ ಬಂದು ಸಿಡುಕಿದೆ.

"ನಿನ್ನದಕ್ಕೆ ಇದ್ಯೇನೇ?" ಎಂದರು.

ಮಗಳನ್ನು ಎತ್ತಿಕೊಂಡು ಬಚ್ಚಲಿಗೆ ನಡೆದೆ. "ನೋಡು. ಮೊದ್ಲು ಜಿಪ್ಪು. ಆಮೇಲೆ ಭುಜ. ಈಗ ತೋಳೆರಡೂ ಸೊಂಟಕ್ಕೆ ಗಂಟು, ನೆಲಕ್ಕೆ ಬೀಳಬಾರ್ದು."

"ನೀನು ಶೆಡ್ಡಲ್ಲಿ ಹಿಂಗೇ ಮಾಡ್ತೀಯಾ?"

"ಹ್ಞೂಂ."

"ಸುಳ್ಳಿ! ನೀನು ಮನೆಗೆ ಓಡ್ಬರ್ತೀಯ."

"ನಾಳೆಯಿಂದ ಮಾಡ್ತೀನಿ ಕಣೇ, ಸಾಕಾ?"

"ನೀ ಹೋದ್ರೆ ನಾನೂ ಹೋಗ್ತೀನಿ."

ಮರುದಿನ ಬಸ್ಸಿನ ಒಂದು ಪಕ್ಕ ಮುಗಿಸಿ, ಬಣ್ಣದ ಗನ್ನು ಕೆಳಗಿಟ್ಟು, ಮೇಸ್ತ್ರಿಯ ಎದುರಲ್ಲೇ ಗಟಗಟ ಒಂದು ಬಾಟಲಿ ನೀರು ಕುಡಿದೆ. ಸ್ವಲ್ಪ ಹೊತ್ತಿಗೆ ಹೊರಟೆ.

"ಇನ್ನೊಂದು ಪಕ್ಕ ಯಾರಮ್ಮಾ ಹೊಡೀತಾರೆ? ನಿಮ್ಮಜ್ಜಿನಾ?"

"ನಾನೇ ಬಂದು ಹೊಡೀತೀನಿ. ಮಗಳಿಗೆ ಮಾತು ಕೊಟ್ಟಿದ್ದೀನಿ ಮೇಸ್ತ್ರೀ. ನೀವೂ ಒಂದು ದಿನ ಈ ಜಂಪ್‌ಸೂಟು ಹಾಕಿ, ಆಮೇಲೆ ಮಾತಾಡೋಣ."

ತೋಳೆರಡನ್ನೂ ಸೊಂಟಕ್ಕೆ ಕಟ್ಟಿಕೊಂಡೇ ಹೋಗಿ ಬಂದೆ. ಬಸ್ಸು ಎಲ್ಲಿಗೂ ಓಡಿಹೋಗಿರಲಿಲ್ಲ.

ಸಂಜೆ ಶಿಶುವಿಹಾರದ ಬಾಗಿಲಲ್ಲಿ ಪಟಾಕಿ ಬರೀ ಬನಿಯನ್ನಿನಲ್ಲಿ ನಿಂತಿದ್ದಳು, ತೋಳೆರಡೂ ಸೊಂಟದಲ್ಲಿ ಗಂಟಾಗಿದ್ದವು. ಕೆಳಗೆ ಕಾಲಿನ ಭಾಗ ಒದ್ದೆಯೇ ಆಗಿರಲಿಲ್ಲ.

"ಅಮ್ಮಾ, ನೀನು ಹೋದ್ಯಾ?"

"ಹೋದೆ."

"ನಾನೂ ಹೋದೆ!"

ಮಿಸ್ಸು ಹಣೆ ಒತ್ತಿಕೊಂಡರು. "ಒದ್ದೆಯೇನೋ ಆಗಿಲ್ಲ ಕಣ್ರೀ. ಆದ್ರೆ ಬೆಳಿಗ್ಗೆ ಟಾಯ್ಲೆಟ್ಟಲ್ಲಿ ಇವಳು ಹಾಕಿದ ಈ ಗಂಟು ಯಾರಿಗೂ ಬಿಚ್ಚೋಕಾಗ್ತಿಲ್ಲ."