ವಿಮಾನಕ್ಕೆ ದೀಪ ಹಚ್ಚುತ್ತಿದ್ದ ಗುರುಪ್ರಸಾದ್

ಹೊತ್ತು ಇಳಿಯುವ ಸೂಚನೆ ಕಂಡರೆ ಸಾಕು, ಅಂಗಡಿಯಲ್ಲಿ ಯಾರೇ ಕುಳಿತಿರಲಿ, ಯಾರದೋ ಲಗ್ನಪತ್ರಿಕೆ ಅರ್ಧ ಟೈಪಾಗಿ ನಿಂತಿರಲಿ, ಗುರುಪ್ರಸಾದ್ ಎದ್ದು ಷಟರ್ ಎಳೆದುಬಿಡುತ್ತಿದ್ದ. "ಲಿಂಗಪೂಜೆ ಟೈಮಾಯ್ತು ಸಾ, ನಾಳೆ ಬನ್ನಿ" ಎಂದರೆ ಮುಗಿಯಿತು. ಅದರ ಮೇಲೆ ಅಪೀಲಿಲ್ಲ. ತಿ. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಹುಡುಗನೊಬ್ಬ ಇಂಥ ನಿಷ್ಠಾವಂತನೆಂದು ಊರು ಹೆಮ್ಮೆಪಡುತ್ತಿತ್ತು. ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ಕಾಲೇಜಿನಲ್ಲಿ ಪಾಠ ಮುಗಿಸಿ, ಟೈಪ್ ಮಾಡಿಸಬೇಕಾದ ಪ್ರಶ್ನೆಪತ್ರಿಕೆ ಹಿಡಿದು ನಾನು ಅಲ್ಲಿಗೆ ಹೋಗುತ್ತಿದ್ದುದೇ ಆ ಹೊತ್ತಿಗೆ.

ಕೃಶವಾದ ನೀಳ ಶರೀರ. ಪಾದ ಎತ್ತದೆ ನೆಲ ಸವರಿಕೊಂಡು ಹೋಗುವ ನಡಿಗೆ. ಬೇಸಿಗೆಯಲ್ಲೂ ಬಿಡದ ಕಂದು ಸ್ವೆಟರು, ಅದರ ಮೊಣಕೈಗೆ ತಂಗಿ ನಯನ ಹಾಕಿದ ನೀಲಿ ಉಲ್ಲನ್ನಿನ ತೇಪೆ. ಮಾತಿಗೆ ಮೊದಲು "ಅದೇನಂದ್ರೆ" ಎನ್ನದೆ ಅವನಿಗೆ ಬಾಯಿ ತೆರೆಯಲು ಬಾರದು. ತಂದೆ ತೀರಿಕೊಂಡ ಮೇಲೆ ಈ ತಂಗಿಯನ್ನು ಓದಿಸಿ ಒಂದು ಒಳ್ಳೆಯ ಮನೆ ಸೇರಿಸುವುದೇ ಅವನ ಬದುಕಿನ ಏಕೈಕ ಸಂಕಲ್ಪವಾಗಿತ್ತು.

ತೊಂಬತ್ತರ ದಶಕದಲ್ಲಿ ಅವನು ನಂಜನಗೂಡಿನ ಸ್ಟುಡಿಯೋವೊಂದರಲ್ಲಿ ಕಪ್ಪು-ಬಿಳುಪು ಫೋಟೋಗಳ ತುಟಿಗೆ ಕೆಂಪು, ಸೀರೆಗೆ ಹಸಿರು ಬಳಿಯುತ್ತಿದ್ದವನು. ಮೈಸೂರಿಗೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ, ವಿಮಾನವೇ ಇಳಿಯದ ಮಂಡಕಳ್ಳಿ ವಿಮಾನ ನಿಲ್ದಾಣದ ಬಯಲನ್ನು ನೋಡಿ ನೋಡಿ ವಿಮಾನದ ಹುಚ್ಚು ಹತ್ತಿತಂತೆ. ಕಂಪ್ಯೂಟರ್ ಬಂದಮೇಲೆ ಆ ಹುಚ್ಚಿಗೆ ರೆಕ್ಕೆ ಮೂಡಿತು. ಪರದೆಯ ಮೇಲೆ ವಿಮಾನ ಹಾರಿಸುವ ಆಟವೊಂದಿದೆಯಷ್ಟೆ. ಅದಕ್ಕೆ ದೂರದೇಶದ ಹವ್ಯಾಸಿಗಳು ವಿಮಾನದ ಒಡಲನ್ನು ರಚಿಸಿದರೆ ಇವನು ಅದಕ್ಕೆ ದೀಪ ಹಚ್ಚುತ್ತಿದ್ದ. ಒಂದೇ ಚಿತ್ರದೊಳಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಪದರ. ಕೆಂಪಿನಲ್ಲಿ ಪ್ರಯಾಣಿಕರ ಕಿಟಕಿಯ ಬೆಳಕು, ಹಸಿರಿನಲ್ಲಿ ಬಾಲದ ಮೇಲಣ ಹೆಸರನ್ನು ತೋರುವ ಬೆಳಕು, ನೀಲಿಯಲ್ಲಿ ನೆಲಕ್ಕಿಳಿಯುವಾಗಿನ ದೀಪ. ಬರಿಗಣ್ಣಿಗೆ ಮಗು ಬಣ್ಣ ಚೆಲ್ಲಿದ ಹಾಗೆ ಕಾಣುವ ಆ ಚಿತ್ರವನ್ನು ವಿಮಾನಕ್ಕೆ ತೊಡಿಸಿದರೆ ಒಂದೊಂದು ಸ್ವಿಚ್ಚಿಗೆ ಒಂದೊಂದು ದೀಪ ಬೇರೆ ಬೇರೆಯಾಗಿ ಹೊತ್ತಿಕೊಳ್ಳುತ್ತಿತ್ತು. "ಅದೇನಂದ್ರೆ ಸಾ, ಬೆಳಕು ಗೆರೆ ಎಳ್ದಂಗೆ ನಿಂತ್ಕಳಲ್ಲ, ಸೋರ್ತದೆ" ಎನ್ನುತ್ತ ಕಿಟಕಿಯ ಅಂಚಿನಾಚೆಗೂ ನಸುಬೆಳಕು ಬಳಿಯುತ್ತಿದ್ದ. ಇದರಿಂದ ಬಿಡಿಗಾಸೂ ಹುಟ್ಟುತ್ತಿರಲಿಲ್ಲ. ಆದರೂ ಹೊಸ ದೀಪವೊಂದು ಹೊತ್ತಿದ ದಿನ ಅವನ ಮುಖ ನೋಡಬೇಕಿತ್ತು.

ಒಂದು ಮಧ್ಯಾಹ್ನ ಹೋದಾಗ, ಕೋಳಿ ಕಾಳು ಹೆಕ್ಕುವಂತೆ ತಲೆಯನ್ನು ಅತ್ತಿತ್ತ ಆಡಿಸುತ್ತ ಪರದೆಯನ್ನು ಚೂರು ಚೂರಾಗಿ ನೋಡುತ್ತಿದ್ದ. ನನಗೆ ತೋರಿಸಲೆಂದು ಇಳಿಯುವ ದೀಪದ ಸ್ವಿಚ್ಚು ಒತ್ತಿದರೆ ವಿಮಾನದ ಮೂತಿಯ ಬದಲು ಕಿಟಕಿಗಳೆಲ್ಲ ಬೆಳಗಿದವು. ಪದರ ಅದಲುಬದಲಾಗಿದೆ ಎಂದು ನಾನು ನಕ್ಕೆ. ಅವನು ನಗಲಿಲ್ಲ.

"ಇರುಳುಗಣ್ಣು ಸಾ. ಕತ್ಲಾದ್ರೆ ಏನೂ ಕಾಣಲ್ಲ. ಹಗಲಲ್ಲೂ ನೆಟ್ಟಗೆ ಎದುರ್ಗಿರೋದಷ್ಟೇ. ಈಗ ಬಣ್ಣನೂ ಮೋಸ ಮಾಡ್ತಾ ಅವೆ. ನಯನನ ಮದ್ವೆ ಆಗೋಗಂಟ ಯಾರ್ಗೂ ಹೇಳ್ಬೇಡಿ. ವಂಶದಲ್ಲಿ ಕಣ್ಣಿನ ದೋಸ ಅಂದ್ರೆ ಯಾರ್ ತಂದ್ಕತಾರೆ?"

ಲಿಂಗಪೂಜೆಯ ಒಳಗುಟ್ಟು ಅಂದು ನನಗೆ ತಿಳಿಯಿತು. ಮನೆಯಲ್ಲೂ ಅದೇ ನೆಪ ಹೇಳಿ, ದೀಪ ಹಚ್ಚುವ ಹೊತ್ತಿಗೆ ಕೂತವನು ಊಟಕ್ಕೆ ಕರೆಯುವವರೆಗೆ ಏಳುತ್ತಿರಲಿಲ್ಲವಂತೆ. ಹೆತ್ತ ತಾಯಿಗೂ ಗೊತ್ತಿರಲಿಲ್ಲ.

ಹುಲ್ಲಹಳ್ಳಿಯ ಶಿವಮಲ್ಲಪ್ಪನವರು ನಯನಳನ್ನು ಮಗನಿಗೆ ತಂದುಕೊಳ್ಳಲು ಒಲಿದದ್ದೇ ಅಣ್ಣನ ಭಕ್ತಿಯ ಸುದ್ದಿ ಕೇಳಿ. ಹೆಣ್ಣು ನೋಡುವ ದಿನ ಹಿರಿಯರು ಗೌರವದಿಂದ ಹೇಳಿಕಳಿಸಿದರು: "ನಿಮ್ಮ ಪೂಜೆ ಕೆಡೋದು ಬ್ಯಾಡ, ಅದು ಮುಗುದ್ ಮ್ಯಾಕೆ ಬತ್ತೀವಿ." ಹಗಲೇ ಬನ್ನಿ ಎನ್ನಲು ಗುರುಪ್ರಸಾದನಿಗೆ ಬಾಯಿ ಬರಲಿಲ್ಲ. ಬಂದವರು ಹೊಸಿಲಲ್ಲಿರುವಾಗ ಕರೆಂಟು ಹೋಯಿತು. ಕಾಲಿಗೆ ನೀರು ಕೊಡುವುದು ಮನೆಯ ಗಂಡಸಿನ ಮರ್ಯಾದೆ. ಒಳಗಿನಿಂದ ಲಾಟೀನು ಬರುವಷ್ಟರಲ್ಲಿ ಅವನು ತುಂಬಿದ ಚೊಂಬನ್ನು ಎರಡು ಕೈಯಲ್ಲಿ ಹಿಡಿದು, ನಡು ಬಾಗಿಸಿ, "ತಗೊಳಿ ಯಜಮಾನ್ರೇ" ಎನ್ನುತ್ತ ಜಗಲಿಯ ಕಂಬಕ್ಕೆ ನೀಡುತ್ತಿದ್ದ. ಶಿವಮಲ್ಲಪ್ಪನವರು ಪಕ್ಕದಿಂದ ಬಂದು ಮೆಲ್ಲಗೆ ಚೊಂಬು ಇಸಿದುಕೊಂಡರು. ಕಾಲು ತೊಳೆದರು, ಉಪ್ಪಿಟ್ಟು ತಿಂದರು, ಹುಡುಗಿಯನ್ನು ಒಂದು ಮಾತಾಡಿಸಿ ಎದ್ದರು. ಮತ್ತೆ ಬರಲಿಲ್ಲ.

ನಾನು ಹುಲ್ಲಹಳ್ಳಿಗೆ ಹೋಗಿ ಶಿವಮಲ್ಲಪ್ಪನವರಿಗೆ ಎಲ್ಲವನ್ನೂ ಬಿಡಿಸಿ ಹೇಳಿ ಅಂಗಲಾಚಿದೆ. "ಕಣ್ಣಿನ್ ವಿಚಾರ ಮೊದ್ಲೇ ಅಂದಿದ್ರೆ ನಾವೇ ಮೈಸೂರ್ ದೊಡ್ಡಾಸ್ಪತ್ರೆಗೆ ಕರ್ಕೊಂಡೋಯ್ತಿದ್ದೋ ಮೇಷ್ಟ್ರೇ. ಲಿಂಗದ ಎಸ್ರಲ್ಲಿ ಸುಳ್ಳೇಳೋ ಮನೆ ಅಂದ್ರೆ ಎಂಗೆ ನಂಬೋದು?" ಎಂದರು.

ನಯನ ಅಣ್ಣನನ್ನು ಬೈಯಲಿಲ್ಲ. ಅದೇ ಅವನಿಗೆ ತಡೆಯಲಾಗದ ಸಂಕಟವಾಯಿತು. "ನಂಗೊಂದ್ ಮಾತು ಹೇಳ್ಬಾರ್ದಿತ್ತಾ ಅಣ್ಣ? ನಿನ್ ಕೈ ಹಿಡ್ಕೊಂಡು ನಾನು ನಿಂತ್ಕೊತಿರ್ಲಿಲ್ವಾ?" ಎಂದಷ್ಟೇ ಕೇಳಿದಳು. ಮುಂದೆ ಬಂದ ಸಂಬಂಧಗಳನ್ನೆಲ್ಲ ಅವಳೇ ಬೇಡವೆಂದಳು. ಕೆಲವೇ ವರ್ಷಗಳಲ್ಲಿ ಅವನಿಗೆ ಹಗಲೂ ಮುಚ್ಚಿಕೊಂಡಿತು. ಅಂಗಡಿಯನ್ನು ಅವಳು ವಹಿಸಿಕೊಂಡಳು. ಬೆಳಿಗ್ಗೆ ಇಬ್ಬರೂ ಜೊತೆಯಾಗಿ ಬರುವುದನ್ನು ನಾನು ನೋಡುತ್ತಿದ್ದೆ. ಅವಳು ಪಕ್ಕದಲ್ಲೇ ಇದ್ದರೂ ಅವನು ಬೀದಿಯ ಗೋಡೆ ಸವರಿಕೊಂಡೇ ನಡೆಯುತ್ತಿದ್ದ.

ಇಂಥ ಅಣ್ಣಂದಿರು ನಮ್ಮ ನಡುವೆ ಬಹಳ. ತಮ್ಮ ಕೊರತೆಯ ನೆರಳು ಮನೆಯ ಮೇಲೆ ಬೀಳಬಾರದೆಂದು ಅದನ್ನು ಒಬ್ಬರೇ ಹೊರುತ್ತಾರೆ. ಹೊತ್ತದ್ದು ಜಾರಿ ಮನೆಯ ಮೇಲೆಯೇ ಬೀಳುತ್ತದೆ. ಮನೆಯವರಿಗಾಗಿ ಜೀವ ಕೊಡು ಎಂದರೆ ಇವರು ಕೊಟ್ಟಾರು. ಹಿಡಿದು ನಡೆಸುತ್ತೇವೆ, ಕೈ ಕೊಡು ಎಂದರೆ ಮಾತ್ರ ಕೊಡಲಾರರು.