ನಾಲ್ಕು ಕೋರು, ನಾಲ್ಕು ಹೊಳೆ

ಬನಹಟ್ಟಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ತಂಗಿಯ ಮಗ ರಾಚಪ್ಪ ಇಂಟರ್‌ನೆಟ್ ಸೆಂಟರ್ ನಡೆಸುತ್ತಿದ್ದ. ಮೂಲೆಯಲ್ಲಿದ್ದ ಸರ್ವರ್ ಒಮ್ಮೆ ತಂದ ಪುಟವನ್ನು ತನ್ನಲ್ಲೇ ಇಟ್ಟುಕೊಂಡು, ಮತ್ತೊಬ್ಬರು ಕೇಳಿದರೆ ಅದನ್ನೇ ಕೊಡುತ್ತಿತ್ತು. ಪ್ರೊಸೆಸರಿನಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡಬಲ್ಲ ನಾಲ್ಕು ಭಾಗ, ಅಂದರೆ ಕೋರುಗಳಿದ್ದರೂ ದುಡಿಯುವುದು ಒಂದೇ ಎಂಬುದು ಅವನ ಸಂಕಟ. ಹಿಂದಿನ ವಾರ ನಾಲ್ಕಕ್ಕೂ ಕೆಲಸ ಹಚ್ಚಿದ್ದ. ನಮ್ಮ ಮಗ್ಗದ ಶೆಡ್ಡಿನಲ್ಲಿ ಬೆಳೆದವನು. ಪ್ರತಿ ಮಗ್ಗಕ್ಕೂ ನೂಲು ಸುತ್ತಿದ ಅದರದೇ ಉರುಳೆ, ಬೀಮು, ಇರುವಂತೆ, ಪ್ರತಿ ಕೋರಿಗೂ ಪುಟ ಕೂಡಿಡಲು ಬೇರೆ ಬೇರೆ ಜಾಗ ಕೊಟ್ಟ. ಒಂದು ನಿಂತರೂ ಉಳಿದವು ನಡೆಯಲಿ ಎಂಬ ಲೆಕ್ಕ. ತಂದ ಪುಟವನ್ನು ದಿನವಿಡೀ ಇಟ್ಟುಕೊಳ್ಳುವಂತೆಯೂ ಮಾಡಿದ. ನೆಟ್ ಓಡತೊಡಗಿತು, ಬಂದವರೆಲ್ಲ ಹೊಗಳಿದರು.

ಆ ಶ್ರಾವಣದಲ್ಲಿ ಕೃಷ್ಣೆ ಏರುತ್ತಿತ್ತು. ಅವನ ತಾಯಿ, ನನ್ನ ತಂಗಿ ಲಕ್ಷ್ಮವ್ವ, ಗಲಗಲಿಯಲ್ಲಿ ಹೊಳೆದಂಡೆಯ ಹೊಲದ ಮನೆಯಲ್ಲಿದ್ದಳು. ಗಂಡ ಮುಧೋಳಕ್ಕೆ ಹೋಗಿದ್ದ. ಎಮ್ಮೆಗಳು ಆಕೆಯ ಪಾಲಿಗೆ. ಮಧ್ಯಾಹ್ನ ರಾಚಪ್ಪ ಹೊಳೆಯ ಮಟ್ಟ ತೋರಿಸುವ ಪುಟ ತೆರೆದು ನೋಡಿದ. ನೀರು ಇನ್ನೂ ಕೆಳಗಿದೆ, ಎಮ್ಮೆ ಬಿಚ್ಚಬೇಡ, ಅಲ್ಲೇ ಇರು ಎಂದು ತಾಯಿಗೆ ಫೋನು ಮಾಡಿ ಹೇಳಿದ. ಆಕೆಗೆ ಮಗ ಹೇಳಿದನೆಂದರೆ ಮುಗಿಯಿತು.

ಸ್ವಲ್ಪ ಹೊತ್ತಿಗೆ ಪಕ್ಕದ ಕಂಪ್ಯೂಟರಿನಲ್ಲಿ ಕಾಲೇಜಿನ ಹುಡುಗಿ ಕಾಂಚನಾ ಅದೇ ಪುಟ ತೆರೆದಳು.

"ಅಣ್ಣಾ, ಇಲ್ಲಿ ಅಪಾಯದ ಗೆರಿ ದಾಟೇತಿ ಅಂತ ಐತಿ ನೋಡ್ರಿ."

ರಾಚಪ್ಪ ನಕ್ಕ. "ನಿನ್ನ ಕಣ್ಣಿಗಿ ಯಾವಾಗಲೂ ಒಂದು ಅಂಕಿ ಹೆಚ್ಚ ಕಾಣ್ತೈತಿ ಬಿಡವಾ."

ತಾನೇ ಬಂದು ಮತ್ತೆ ತೆರೆದ. ಹೊಳೆ ಕೆಳಗಿತ್ತು. ಇನ್ನೊಮ್ಮೆ ತೆರೆದ. ಏರಿತ್ತು. ಮತ್ತೊಮ್ಮೆ ತೆರೆದರೆ ಎರಡರ ನಡುವೆ ಎಲ್ಲೋ. ನಾನು ಅವನ ಬೆನ್ನ ಹಿಂದೆ ಬಂದು ನಿಂತೆ.

"ಯಾವದು ಖರೆ?" ಎಂದೆ.

"ಒಂದೊಂದು ಕೋರು ತಾ ತಂದ ಹೊತ್ತಿನ ಪುಟ ಕೊಡಾಕತ್ತೈತಿ, ದೊಡ್ಡವ್ವ." ಅವನ ದನಿ ಇಳಿದಿತ್ತು. "ನಾ ಅವ್ವಗ ಹೇಳಿದ್ದು ಮುಂಜಾನಿ ತಂದ ಪುಟ ನೋಡಿ."

ಅವನು ಕೀಲಿಗಳ ಮುಂದೆ ಕುಳಿತ. ಸರ್ವರ್ ನಿಲ್ಲಿಸಿದ, ನಾಲ್ಕೂ ಕಡೆ ಕೂಡಿಟ್ಟದ್ದನ್ನು ಅಳಿಸಿದ, ಒಂದೇ ಕೋರಿಗೆ ಇಳಿಸಿ ಮತ್ತೆ ಹಚ್ಚಿದ. ಪುಟ ಮೆಲ್ಲಗೆ ಬಂತು. ನೀರು ಕಾಂಚನಾ ಕಂಡದ್ದಕ್ಕಿಂತಲೂ ಮೇಲಿತ್ತು.

ಅಷ್ಟರಲ್ಲಿ ನಾನು ಲಕ್ಷ್ಮವ್ವನಿಗೆ ಫೋನು ಹಚ್ಚುತ್ತಲೇ ಇದ್ದೆ. ಹತ್ತುತ್ತಿರಲಿಲ್ಲ. ಕೊನೆಗೆ ಎತ್ತಿದಳು.

"ಅಂಗಳಕ್ಕ ನೀರು ಬಂದಾವಕ್ಕಾ. ರಾಚ್ಯಾ ಇರು ಅಂದಾನಲ್ಲ, ಇಳೀತಾವ ಅಂತ ಕುಂತೀನಿ."

"ಅಂವ ನೋಡಿದ್ದು ಹಳೇದು. ಎಮ್ಮಿ ಹಗ್ಗ ಕೊಯ್ದು ದಿಬ್ಬದ ಕಡೆ ನಡಿ. ಫೋನು ಇಡಬ್ಯಾಡ."

ಆಕೆ ಇಡಲಿಲ್ಲ. ನೀರು ಸೀಳುವ ಸದ್ದು, ಎಮ್ಮೆಯ ಕೂಗು, ಆಕೆಯ ಏದುಸಿರು. ರಾಚಪ್ಪ ನನ್ನ ತಲೆಗೆ ತಲೆ ಹಚ್ಚಿ ಕೇಳುತ್ತ ನಿಂತ. ಒಮ್ಮೆಲೇ ಸದ್ದು ಅಡಗಿತು. ಅವನು ನನ್ನ ಮುಂಗೈ ಹಿಡಿದ ಹಿಡಿತಕ್ಕೆ ಬಳೆ ಒಡೆಯಿತು.

"ದಿಬ್ಬ ಹತ್ತೀನಿ," ಎಂದಳು ಬಹಳ ಹೊತ್ತಿನ ಮೇಲೆ. "ಸಣ್ಣ ಎಮ್ಮಿ ಬರಲಿಲ್ಲ."

ರಾಚಪ್ಪ ಬೈಕು ತೆಗೆದು ಹೊರಟ. ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ನೀರು ಈಗ ಎಲ್ಲಿಗೆ ಬಂತು, ಈಗ ಎಲ್ಲಿಗೆ ಬಂತು ಎಂದು ಲಕ್ಷ್ಮವ್ವನನ್ನೇ ಕೇಳುತ್ತಲಿದ್ದೆ.