ಮೆಟ್ಟಿಲ ಪಕ್ಕದ ಸೀಟು

ಪ್ರಭುರಾಜ ಕಟ್ಟಿದ್ದು ಬಸ್ಸೂ ಅಲ್ಲ, ದೋಣಿಯೂ ಅಲ್ಲ. ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಯಂತ್ರ ಮಾಡಿಕೊಡುತ್ತಿದ್ದ ತನ್ನ ವರ್ಕ್‌ಶಾಪಿನಲ್ಲಿ ಅವನು ಒಂದು ಹಳೆಯ ಲಾರಿಯ ಚಾಸಿಗೆ ಉಕ್ಕಿನ ತಗಡಿನ ತೊಟ್ಟಿ ಬೆಸೆದು, ಹಿಂದೆ ನೀರು ತಳ್ಳುವ ಪಂಖ ಕೂಡಿಸಿ, ಮೇಲೆ ಚಾವಣಿ ಹೊದಿಸಿದ್ದ. ಅದು ರಸ್ತೆಯ ಮೇಲೆ ಓಡಿಬಂದು ಹಾಗೆಯೇ ಸಾಣಾಪುರದ ಕೆರೆಗೆ ಇಳಿದು ತೇಲುತ್ತಿತ್ತು. ಮೊದಲ ಸಲ ತೇಲಿದ ದಿನ, ನಾಲ್ಕು ಜನ ಕೆಲಸಗಾರರ ಎದುರಿಗೇ, ಪ್ರಭುರಾಜ ದಂಡೆಯ ಮೇಲೆ ಕುಳಿತು ಅತ್ತುಬಿಟ್ಟಿದ್ದ.

ಪ್ರವಾಸಿಗರನ್ನು ಕೂರಿಸಬೇಕಾದರೆ ಪರವಾನಗಿ ಬೇಕಿತ್ತು. ಅವಘಡವಾದರೆ ಜನರನ್ನು ಹೊರಗೆ ತರುವುದು ಹೇಗೆ ಎಂದು ಬರೆದುಕೊಡಬೇಕು, ಅಧಿಕಾರಿಯ ಎದುರು ಮಾಡಿಯೂ ತೋರಿಸಬೇಕು. ಆ ಕೆಲಸವನ್ನು ಅವನು ತಂಗಿ ಶೈಲಜಾಳಿಗೆ ವಹಿಸಿದ. ಅವಳು ಊರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಹಿಡಿದದ್ದನ್ನು ಅರ್ಧಕ್ಕೆ ಬಿಡುವವಳಲ್ಲ. ಹೊರದೇಶಗಳಲ್ಲಿ ಇಂಥ ವಾಹನಗಳು ಮುಳುಗಿದ ವರದಿಗಳನ್ನು ಹುಡುಕಿ ಓದಿದಳು. ಓದಿದ ಮೇಲೆ ಅವಳಿಗೆ ಭಯ ಹುಟ್ಟಿಸಿದ್ದು ನೀರಲ್ಲ, ಚಾವಣಿ. ಜನ ತೊಡುವ ತೇಲುವ ಜಾಕೀಟು ಮನುಷ್ಯನನ್ನು ಮೇಲಕ್ಕೆ ಎತ್ತುತ್ತದೆ. ತೆರೆದ ನೀರಿನಲ್ಲಿ ಅದೇ ಅವನ ಜೀವ ಉಳಿಸುತ್ತದೆ. ಆದರೆ ತಲೆಯ ಮೇಲೆ ಚಾವಣಿ ಇದ್ದು ವಾಹನ ಮುಳುಗಿದರೆ ಅದೇ ಜಾಕೀಟು ಅವನನ್ನು ಚಾವಣಿಗೆ ಒತ್ತಿ ಹಿಡಿಯುತ್ತದೆ. ಕೈಕಾಲು ಬಡಿದರೂ ಕೆಳಗೆ ಬಂದು ಹೊರಗೆ ನುಸುಳಲು ಆಗುವುದಿಲ್ಲ.

ಚಾವಣಿ ಕಿತ್ತುಬಿಡು ಎಂದಳು. ಪ್ರಭುರಾಜ ಒಪ್ಪಲಿಲ್ಲ.

"ಈ ಬಿಸಲಾಗ ತಗಡ ಕಾದು ಹಂಚ ಆಗ್ತೈತಿ, ಶೈಲಾ. ಮಂದಿನ್ನ ತೇಲ್ಸೂದಲ್ಲ, ಹುರದು ಕಳಸ್ದಂಗ ಆಗ್ತೈತಿ."

ಅದೂ ಸುಳ್ಳಾಗಿರಲಿಲ್ಲ. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಬದಿಯ ಪ್ಲಾಸ್ಟಿಕ್ ಪರದೆಗಳನ್ನು ತೆಗೆಯುವುದು, ಚಾವಣಿ ಇಡುವುದು. ಹಾಗೆ ಚಾವಣಿ ಉಳಿಯಬೇಕಾದರೆ, ನೀರು ಒಳಗೆ ಬರತೊಡಗಿದ ಕೂಡಲೇ, ವಾಹನ ಇನ್ನೂ ತೇಲುತ್ತಿರುವಾಗಲೇ, ಎಲ್ಲರೂ ಹಿಂದಿನ ಮೆಟ್ಟಿಲಿನಿಂದ ಹೊರಗೆ ಬಂದಿರಬೇಕು. ಶೈಲಜಾಳ ಯೋಜನೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ವರ್ಕ್‌ಶಾಪಿನ ಹುಡುಗರನ್ನು ಕೂರಿಸಿ ದಂಡೆಯ ಹತ್ತಿರ, ಸೊಂಟದಷ್ಟು ನೀರಿನಲ್ಲಿ ಮೊದಲು ಮಾಡಿ ನೋಡಿದರು. ಸೀಟಿ ಊದಿದ್ದೇ ತಡ, ಹುಡುಗರು ಕಾಳು ಸುರಿದಂತೆ ಹೊರಗೆ ಬಿದ್ದರು. ಶೈಲಜಾಳಿಗೆ ಸಮಾಧಾನವಾಗಲಿಲ್ಲ. ಬರುವವರು ಹುಡುಗರಲ್ಲ, ಸಂಸಾರಗಳು. ಆದ್ದರಿಂದ ಮುಂದಿನ ಭಾನುವಾರ ಮನೆಯವರನ್ನೇ ಕೂರಿಸಿದಳು. ಅತ್ತಿಗೆ ಕವಿತಾ, ಮಕ್ಕಳು, ತನ್ನ ಗಂಡ ಉಮಾಪತಿ, ಕವಿತಾಳ ತವರಿನವರು, ಮತ್ತು ಎಲ್ಲರಿಗಿಂತ ಮುಂದೆ, ಚಾಲಕನ ಬೆನ್ನಿಗಿದ್ದ ಸೀಟಿನಲ್ಲಿ, ದೊಡ್ಡವ್ವ.

ದೊಡ್ಡವ್ವ ಅಂದರೆ ಗುರುಲಿಂಗಮ್ಮ, ಅವರ ತಾಯಿಯ ಅಕ್ಕ. ಅಣ್ಣತಂಗಿಯರನ್ನು ಸಾಕಿದವಳು ಅವಳೇ. ಶೈಲಜಾಳಿಗೆ ನಡೆಯಲು ಬರುವ ಮೊದಲೇ ತಾಯಿ ತೀರಿಕೊಂಡಿದ್ದಳು. ಆ ಹೊತ್ತಿಗೆ ಗುರುಲಿಂಗಮ್ಮ ಗಂಡನನ್ನು ಕಳೆದುಕೊಂಡು ಬೇವೂರಿನ ತವರಿನಲ್ಲಿದ್ದಳು. ಎರಡು ಕೂಸುಗಳಿಗಾಗಿ ಗಂಗಾವತಿಗೆ ಬಂದವಳು ಅವರು ದೊಡ್ಡವರಾಗುವ ತನಕ ಇದ್ದು, ಆಮೇಲೆ ತಮ್ಮನ ಹೊಲಮನೆ ನೋಡಿಕೊಳ್ಳಲು ತಿರುಗಿ ಬೇವೂರಿಗೆ ಹೋಗಿದ್ದಳು. ಬೇರೆಯವರ ಮನೆಯ ಶುಭಕಾರ್ಯಗಳಲ್ಲಿ ಅವಳು ಅಡುಗೆಮನೆಯ ಬಾಗಿಲಿನಿಂದ ಈಚೆಗೆ ಬಂದವಳಲ್ಲ. ಗಂಡ ಸತ್ತವಳು ಮುಂದೆ ನಿಲ್ಲಬಾರದೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ತಾನೇ ಅರಿತು ಸರಿಯುತ್ತಿದ್ದಳು. ಪ್ರಭುರಾಜ ಮಾತ್ರ ತನ್ನ ಮದುವೆಯಲ್ಲಿ, ದೊಡ್ಡವ್ವ ಮೊದಲು ಅಕ್ಕಿಕಾಳು ಹಾಕುವ ತನಕ ತಾಳಿ ಕಟ್ಟುವುದಿಲ್ಲವೆಂದು ಹಟ ಹಿಡಿದು ಕೂತಿದ್ದ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಏನೇ ನಡೆದರೂ ಮೊದಲ ಸಾಲು ಅವಳದು.

ಶೈಲಜಾ ಸೀಟಿ ಊದಿ, ಇಳಿಯಿರಿ ಎಂದಳು. ಒಬ್ಬರೂ ಏಳಲಿಲ್ಲ. ಎಲ್ಲರ ಮುಖವೂ ಮುಂದಿನ ಸೀಟಿನ ಕಡೆ ತಿರುಗಿತು. ನೀವು ಮೊದಲು ಎಂದಳು ಕವಿತಾ. ಹುಡುಗರನ್ನು ಬಿಟ್ಟು ನಾನು ಹೇಗೆ ಇಳಿಯಲಿ, ನೀವು ನಡೆಯಿರಿ ಎಂದಳು ದೊಡ್ಡವ್ವ. ಹಿರಿಯಳನ್ನು ಕೂರಿಸಿ ತಾವು ಮುಂದಾಗಲು ಯಾರಿಗೂ ಮನಸ್ಸಾಗಲಿಲ್ಲ. ಎದ್ದ ಒಬ್ಬಿಬ್ಬರು ಮತ್ತೆ ಕೂತರು. ದೊಡ್ಡವ್ವ ಮೊಣಕಾಲು ಹಿಡಿದು ಎದ್ದು, ನಡುದಾರಿಯಲ್ಲಿ ಎಲ್ಲರ ಹೆಗಲು ಹಿಡಿಯುತ್ತ ಹಿಂದಕ್ಕೆ ಬರುವ ತನಕ ಇಡೀ ಸಂಸಾರ ಕಾದಿತ್ತು.

"ಇದು ಮುಳಗೂ ಹೊತ್ತಿಗೆ ನಮ್ಮ ಮರ್ಯಾದಿ ಒಂದ ತೇಲ್ತಿರ್ತೈತಿ ನೋಡ್ರಿ," ಎಂದ ಉಮಾಪತಿ. ಎಲ್ಲರೂ ನಕ್ಕರು.

ಶೈಲಜಾ ನಗಲಿಲ್ಲ. ಜೀವಭಯ ಬಂದಾಗ ಈ ನಯವೆಲ್ಲ ಮರೆತುಹೋಗುತ್ತದೆಂದು ಪ್ರಭುರಾಜ ಹೇಳಿದ. ಇರಬಹುದು, ಆದರೆ ನೀರು ಪಾದ ಮುಟ್ಟಿದಾಗ ಯಾರಿಗೂ ಜೀವಭಯ ಬಂದಿರುವುದಿಲ್ಲ, ಹೊರಗೆ ಬರಬೇಕಾದದ್ದು ಆ ಹೊತ್ತಿನಲ್ಲೇ ಎಂದು ಅವಳು ಉತ್ತರ ಕೊಟ್ಟಳು. ಅದಕ್ಕೆ ದಾರಿಯೂ ಕಂಡಿತ್ತು. ವಯಸ್ಸಾದವರನ್ನು ಕೊನೆಯ ಸಾಲಿನಲ್ಲಿ, ಮೆಟ್ಟಿಲ ಪಕ್ಕದಲ್ಲಿ ಕೂರಿಸಬೇಕು. ಆಗ ಹಿರಿಯರೇ ಮೊದಲು ಇಳಿಯುತ್ತಾರೆ, ಉಳಿದವರು ತಾವಾಗಿಯೇ ಹಿಂಬಾಲಿಸುತ್ತಾರೆ. ಮರ್ಯಾದೆಯೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಹೊಳೆದಾಗ ಅವಳಿಗೆ ಲೆಕ್ಕವೊಂದು ಬಿಡಿಸಿದಷ್ಟು ಖುಷಿಯಾಗಿತ್ತು.

"ಹಿರೇರನ್ನ ಎಂಜಿನ್ನಿನ ಹೊಗಿಯಾಗ ಮೂಲಿಗೆ ಕೂಡ್ಸು ಅಂತಿ," ಎಂದ ಪ್ರಭುರಾಜ. "ದೊಡ್ಡವ್ವಗ ಇದನ್ನ ಯಾರ್ ಹೇಳ್ತಾರ?"

ನೀನೇ ಹೇಳು, ನಿನ್ನ ಮಾತಾದರೆ ಕೇಳುತ್ತಾಳೆ ಎಂದಳು ಶೈಲಜಾ. ಅವನು ಹೂಂ ಎಂದ.

ಉದ್ಘಾಟನೆ ಸಂಕ್ರಾಂತಿ ಆದ ಮರುವಾರ. 2011ರ ಆ ದಿನ ದಂಡೆಯ ಮೇಲೆ ಎರಡೂ ಕಡೆಯ ಬೀಗರು, ಯಲಬುರ್ಗಾ ಕಡೆಯ ನೆಂಟರು, ಗಿರಣಿಯ ಮಾಲೀಕರು ಸೇರಿದ್ದರು. ಪರೀಕ್ಷೆ ನೋಡಲು ಅಧಿಕಾರಿಯೂ ಬಂದಿದ್ದರು. ಕವಿತಾ ಆರತಿಯ ತಟ್ಟೆ ಹಿಡಿದು ವಾಹನದ ಮೂತಿಯ ಎದುರು ನಿಂತಿದ್ದಳು. ಪ್ರಭುರಾಜನ ಕೈಯಲ್ಲಿ ತೆಂಗಿನಕಾಯಿ. ಒಳಗೆ ನೆಂಟರೆಲ್ಲ ಕೂತಾಗಿತ್ತು. ಮೊದಲ ಸೀಟಿನಲ್ಲಿ, ಹೊಸ ಇಳಕಲ್ ಸೀರೆ ಉಟ್ಟು, ದೊಡ್ಡವ್ವ.

ಕೈಮೈಕು ಹಿಡಿದು ದಂಡೆಯ ಕಲ್ಲಿನ ಮೇಲೆ ನಿಂತಿದ್ದ ಶೈಲಜಾ ಅದನ್ನು ಕಂಡಳು. ಅಣ್ಣ ಹೇಳಿದ್ದಾನೆ, ದೊಡ್ಡವ್ವ ಮರೆತಿದ್ದಾಳೆ ಅಂದುಕೊಂಡಳು. ಅಧಿಕಾರಿ ಗಡಿಯಾರ ನೋಡುತ್ತಿದ್ದರು. ಅವಳು ಮೈಕನ್ನು ಬಾಯಿಗೆ ಹಿಡಿದಳು.

"ದೊಡ್ಡವ್ವ, ನೀ ಮುಂದ ಕೂಡಂಗಿಲ್ಲ. ಎದ್ದು ಹಿಂದಕ್ಕ ಹೋಗು."

ಮಾತು ನೀರಿನ ಮೇಲೆ ಹಾಯ್ದು ಆಚೆಯ ಬಂಡೆಗಳಿಗೆ ಬಡಿದು ಬಂತು. ದಂಡೆಯ ಗದ್ದಲ ಒಮ್ಮೆಲೇ ನಿಂತಿತು. ಆ ಮೌನವನ್ನು ಶೈಲಜಾ ಶಿಸ್ತು ಎಂದು ತಿಳಿದಳು. ದೊಡ್ಡವ್ವ ಎದ್ದಳು, ಯಾರ ಹೆಗಲನ್ನೂ ಹಿಡಿಯದೆ ಸೀಟುಗಳ ನಡುವೆ ನಡೆದಳು, ಕೊನೆಯ ಸಾಲಿನಲ್ಲಿ ಮೆಟ್ಟಿಲ ಪಕ್ಕ ಕೂತು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅವಳು ಕೂತ ಮೇಲೆ ಪ್ರಭುರಾಜ ಕಾಯಿ ಒಡೆದ.

ಪರೀಕ್ಷೆ ಚೆನ್ನಾಗಿ ನಡೆಯಿತು. ಸೀಟಿ ಊದಿದಾಗ ದೊಡ್ಡವ್ವ ಮೊದಲು ಇಳಿದಳು, ಹಿಂದೆಯೇ ಉಳಿದವರು. ಅಧಿಕಾರಿ ತಲೆದೂಗಿದರು. ಊಟಕ್ಕೆ ಕರೆಯುವಷ್ಟರಲ್ಲಿ ದೊಡ್ಡವ್ವ ಕೈಚೀಲ ಹಿಡಿದು ರಸ್ತೆಗೆ ಹೋಗಿದ್ದಳು. ಹೊಲದಲ್ಲಿ ಕಡಲೆ ಕೀಳುವುದಿದೆ, ಆಳು ಸಿಗುವುದಿಲ್ಲ ಎಂದು ಕವಿತಾಳಿಗೆ ಹೇಳಿದಳಂತೆ.

ಯುಗಾದಿಗೆ ಅವಳು ಬರಲಿಲ್ಲ. ಶೈಲಜಾ ಅದನ್ನು ದೊಡ್ಡದಾಗಿ ಎಣಿಸಲೂ ಇಲ್ಲ. ಒಂದು ದಿನ ಹೋಳಿಗೆ ಕಟ್ಟಿಕೊಡುತ್ತ ಕವಿತಾ ತಾನೇ ಮಾತು ತೆಗೆದಳು.

"ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕಾಯಿ ಒಡಿಯೂ ಹೊತ್ತಿನಾಗ ದೊಡ್ಡವ್ವಾರನ್ನ ಎಬ್ಬಿಸಿದ್ರಿ. ಗಂಡಿಲ್ಲದಾಕಿ ಪೂಜಾದ ಮುಂದ ಇರಬಾರ್ದಂತ ಸಾಕಿದ ಮಗಳ ಮೈಕಿನ್ಯಾಗ ಕೂಗಿದ್ಲು ಅಂತ ಬೇವೂರಾಗ ಎಲ್ಲಾರೂ ಆಡ್ಯಾರ."

ಶೈಲಜಾ ಹಾಗಲ್ಲ ಎನ್ನಲು ಬಾಯಿ ತೆರೆದಳು. ಆ ದಿನ ಆಡಿದ ಮಾತು ಪದಪದವಾಗಿ ನೆನಪಿಗೆ ಬಂತು. ಕಾರಣ ಹೇಳುವ ಒಂದು ಶಬ್ದವೂ ಅದರಲ್ಲಿರಲಿಲ್ಲ. ಪ್ರಭುರಾಜನನ್ನು ಕೇಳಿದಾಗ ಅವನು ತಲೆ ತಗ್ಗಿಸಿ, ನನಗೆ ನಾಲಿಗೆ ಏಳಲಿಲ್ಲ, ನೀನು ತಿಳಿಸಿ ಹೇಳುತ್ತೀಯ ಅಂದುಕೊಂಡಿದ್ದೆ ಎಂದ.

ಬೇವೂರು ದೂರವೇನಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ತಿರುಗಿ ಬರಬಹುದು. ಕಾಲೇಜಿನ ಪರೀಕ್ಷೆ ಮುಗಿಯಲಿ ಎಂದುಕೊಂಡಳು, ಆಮೇಲೆ ಮೌಲ್ಯಮಾಪನ, ಆಮೇಲೆ ಮಗನ ಜ್ವರ. ನಿಜವೆಂದರೆ ಅವಳಿಗೆ ಹೋಗಲು ಅಂಜಿಕೆ. ಚಾವಣಿ, ಜಾಕೀಟು, ಮೆಟ್ಟಿಲು ಎಲ್ಲ ವಿವರಿಸಬಹುದು. ಆದರೆ ಆಗದೇ ಇರುವ ಅವಘಡವೊಂದನ್ನು ನೆಪಮಾಡಿ ತಪ್ಪಿಸಿಕೊಳ್ಳುತ್ತಿದ್ದಾಳೆ ಎಂದು ದೊಡ್ಡವ್ವ ತಿಳಿದರೆ?

ಅವಘಡ ಡಿಸೆಂಬರಿನಲ್ಲಿ ಆಯಿತು. ಪಂಖದ ಶಾಫ್ಟು ತೊಟ್ಟಿಯನ್ನು ತೂರಿ ಹೊರಗೆ ಹೋಗುವ ಜಾಗದಲ್ಲಿ ಒಂದು ರಬ್ಬರಿನ ಸೀಲು ಇತ್ತು. ಕಲ್ಲುದಾರಿಯ ಕುಲುಕಾಟಕ್ಕೆ ಅದು ಸಡಿಲಗೊಂಡಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಂದು ಒಳಗಿದ್ದುದು ಕುಷ್ಟಗಿಯಿಂದ ಬಂದ ಒಂದೇ ಮನೆತನದ ಜನ. ಕೆರೆಯ ನಡುವೆ ಹೋದಾಗ ಒಂದು ಮಗು ತನ್ನ ಚಪ್ಪಲಿ ತೇಲುತ್ತಿದೆಯೆಂದು ನಕ್ಕಿತು. ಚಾಲಕ ಹುಸೇನಬಾಷಾ ತಿರುಗಿ ನೋಡಿದವನೇ ಸೀಟಿ ಊದಿ, ಹತ್ತಿರದ ಹರಗೋಲಿನವರನ್ನು ಕೂಗಿ ಕರೆದ. ಮನೆತನದ ಹಿರಿಯಾಕೆ ನಿಯಮದಂತೆ ಮೆಟ್ಟಿಲ ಪಕ್ಕದಲ್ಲಿದ್ದಳು. ಏನಾಗುತ್ತಿದೆ ಎಂದು ಪೂರ್ತಿ ತಿಳಿಯುವ ಮೊದಲೇ ಅವಳನ್ನು ಹರಗೋಲಿಗೆ ಇಳಿಸಿದರು. ಅವಳು ಇಳಿದ ಮೇಲೆ ಯಾರೂ ಯಾರಿಗೂ ನೀವು ಮೊದಲು ಅನ್ನಲಿಲ್ಲ. ಕೊನೆಯವನಾಗಿ ಹುಸೇನಬಾಷಾ ಈಜಿ ಬಂದ. ಅವನು ದಂಡೆ ಮುಟ್ಟುವಷ್ಟರಲ್ಲಿ ಚಾವಣಿಯೂ ನೀರೊಳಗೆ ಹೋಗಿತ್ತು.

ಶೈಲಜಾ ಬಂದಾಗ ಪ್ರಭುರಾಜ ದಂಡೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದ. ವಾಹನವನ್ನು ಮೇಲೆತ್ತಿಸುತ್ತೇನೆ, ಆದರೆ ಇನ್ನು ಓಡಿಸುವುದಿಲ್ಲ ಎಂದ. ನೀನು ಹೇಳಿದ್ದು ಖರೆಯಾಯಿತು ಎಂದೂ ಅಂದ. ಕುಷ್ಟಗಿಯ ಹಿರಿಯಾಕೆ ಟವೆಲ್ಲು ಹೊದ್ದು, ಮೊಮ್ಮಕ್ಕಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು. ಅವಳನ್ನು ನೋಡುತ್ತ ಶೈಲಜಾಳಿಗೆ ಬೇವೂರಿನ ಬಸ್ಸು ನೆನಪಾಯಿತು.

ಮರುದಿನವೇ ಹೋದಳು. ದೊಡ್ಡವ್ವ ಅಂಗಳದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ರೊಟ್ಟಿ ಹಾಕಿದಳು, ಮಗ ಹೇಗಿದ್ದಾನೆಂದು ಕೇಳಿದಳು. ಶೈಲಜಾ ಮುಳುಗಿದ ಸಂಗತಿಯಿಂದ ತೊಡಗಿ ಹಿಂದಕ್ಕೆ ಹೋಗುತ್ತ ಎಲ್ಲವನ್ನೂ ಹೇಳಿದಳು. ಒಂದು ಲೋಟ ತೆಗೆದುಕೊಂಡು ಚಾವಣಿ ಹೇಗೆ, ಜಾಕೀಟು ಹೇಗೆ ಎಂದು ತೋರಿಸಿದಳು. ದೊಡ್ಡವ್ವ ಮೊರ ಕೆಳಗಿಟ್ಟು ಕೇಳಿದಳು. ಮಕ್ಕಳು ಎಲ್ಲರೂ ಉಳಿದರೇ ಎಂದು ಎರಡು ಸಲ ವಿಚಾರಿಸಿದಳು.

"ಛಲೋ ಆತು," ಎಂದಳು. ಮೊರವನ್ನು ಮತ್ತೆ ಎತ್ತಿಕೊಂಡು, "ಇದನ್ನ ಅವತ್ತ ಮುಂಜಾನೆ ನನಗ ಹೇಳಿದ್ರ ನಾನ ಎದ್ದು ಹೋಗಿ ಕೂಡ್ತಿದ್ದೆನಲ್ಲ, ಶೈಲಾ. ಉಳದ ಮುದುಕ್ಯಾರನ್ನೂ ಕರಕೊಂಡು ಕೂಡ್ತಿದ್ದೆ."

"ಅಣ್ಣ ಹೇಳ್ಯಾನ ಅಂದ್ಕೊಂಡಿದ್ದೆ, ದೊಡ್ಡವ್ವ."

"ಹೂಂ. ಅಂವಗೂ ಬಾಯಿ ಬಂದಿರಾಕಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೊರಟಾಗ ಹೆಸರುಕಾಳಿನ ಗಂಟು ಕಟ್ಟಿಕೊಟ್ಟು, ಬಸ್ಸಿನ ತನಕ ಬಂದು ಕಳಿಸಿದಳು. ತಪ್ಪು ತಿಳಿವಳಿಕೆ ತಿಳಿಯಾಯಿತೆಂದು ಶೈಲಜಾ ದಾರಿಯುದ್ದಕ್ಕೂ ಹಗುರಾಗಿದ್ದಳು.

ಮುಂದಿನ ಬೇಸಿಗೆಯಲ್ಲಿ ಪ್ರಭುರಾಜನ ಮಗಳ ಮದುವೆ. ಗಂಗಾವತಿಯ ಕಲ್ಯಾಣಮಂಟಪದಲ್ಲಿ ದೊಡ್ಡವ್ವನಿಗಾಗಿ ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದರು. ಅದು ಖಾಲಿ ಇತ್ತು. ಹುಡುಕುತ್ತ ಹೋದರೆ ಅವಳು ಕೊನೆಯ ಸಾಲಿನಲ್ಲಿ, ಅಡುಗೆಯವರು ಓಡಾಡುವ ಬಾಗಿಲ ಬಳಿ ಕೂತಿದ್ದಳು. ಪ್ರಭುರಾಜ ಬಂದು ಕರೆದು ಹೋಗಿದ್ದ. ಕವಿತಾ ಕೈ ಹಿಡಿದು ಎಳೆದಿದ್ದಳು. ಶೈಲಜಾ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತಳು.

"ಎಲ್ಲಾ ತಿಳಿಸಿ ಹೇಳಿದ್ನಲ್ಲ, ದೊಡ್ಡವ್ವ. ಇನ್ನೂ ಮನಸ್ನ್ಯಾಗ ಇಟಗೊಂಡಿಯೇನು?"

"ಇಲ್ಲವ್ವ. ನೀ ಹೇಳಿದ್ದು ಖರೆ ಐತಿ, ನಾ ತಿಳ್ಕೊಂಡೀನಿ." ದೊಡ್ಡವ್ವ ಅವಳ ಕೆನ್ನೆ ಮುಟ್ಟಿದಳು. "ಆದ್ರ ಮುಂದ ಹೋಗಿ ಕುಂತ್ರ, ಯಾರಾರ ಬಂದು ಎಬ್ಬಸ್ತಾರೇನೋ ಅಂತ ಜೀವ ಹೊಡಕೊಂತೈತಿ. ಇಲ್ಲಿ ಕುಂತ್ರ ಹಂಗ ಅನಸೂದಿಲ್ಲ. ಇಲ್ಲೇ ಕೂಡ್ತೀನಿ ಬಿಡು."

ಶೈಲಜಾ ಅಲ್ಲಿಯೇ, ದೊಡ್ಡವ್ವನ ಪಕ್ಕದ ಕುರ್ಚಿಯಲ್ಲಿ ಕೂತಳು. ಅಷ್ಟರಲ್ಲಿ ಅತ್ತ ಮಂಟಪದಿಂದ ಮುತ್ತೈದೆಯರೆಲ್ಲ ಮುಂದೆ ಬರಬೇಕೆಂದು ಕರೆ ಬಂತು. ದೊಡ್ಡವ್ವ ಅವಳ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ತಳ್ಳಿದಳು. ಶೈಲಜಾ ಎದ್ದು ಮುಂದಕ್ಕೆ ಹೋದಳು.